ಅಮೆರಿಕದ ಮಿನೆಸೋಟಾ ಚಳಿಯಲ್ಲಿ ಕರಿಬೇವು, ಕೆಸು, ಡೇರೆ ಹೂವು (ಡೇಲಿಯಾ) ಉಳಿಸಿಕೊಳ್ಳೋದು

ಮಿನಿಯಾಪೊಲಿಸ್ ಕಡೆ ಹೊಸದಾಗಿ ಬಂದು ಬೇಸಿಗೆಯಲ್ಲಿ ಕರಿಬೇವಿನ ಕುಂಡ ಹೊರಗಿಟ್ಟಿದ್ದೀರಾ? ಇಲ್ಲಿ ಅಕ್ಟೋಬರ್ ಶುರುವಿನಲ್ಲೇ ಫ್ರಾಸ್ಟ್, ಅಂದರೆ ಎಲೆ ಮೇಲೆ ಹೆಪ್ಪುಗಟ್ಟುವ ಹಿಮ, ಬೀಳುತ್ತದೆ. ಅಲ್ಲೀತನಕ ಕಾಯಬೇಡಿ. ಸೆಪ್ಟೆಂಬರ್‌ನಲ್ಲಿ ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮೂರ ಲೆಕ್ಕದ 10 ಡಿಗ್ರಿ, ಹತ್ತಿರ ಬಂತು ಅಂದ್ರೆ ಕರಿಬೇವು, ಮಲ್ಲಿಗೆ, ದೊಡ್ಡಪತ್ರೆ ಎಲ್ಲ ಒಳಗೆ ಬರಬೇಕು. ತರುವ ಮುಂಚೆ ಎಲೆಯ ಹಿಂಬದಿಯನ್ನು ಚೆನ್ನಾಗಿ ತೊಳೆಯಿರಿ. ಹೀಟರ್ ಹಾಕಿದ ಒಣ ಮನೆಯಲ್ಲಿ ಹುಳ ಬೇಗ ಜಾಸ್ತಿಯಾಗುತ್ತವೆ.

ನನ್ನ ಮೊದಲ ವರ್ಷ ನವೆಂಬರ್‌ನಲ್ಲಿ ಕರಿಬೇವಿನ ಎಲೆ ಹಳದಿಯಾಗಿ ಉದುರತೊಡಗಿತು. ನೀರು ಸಾಲುತ್ತಿಲ್ಲ ಅಂದುಕೊಂಡು ದಿನಾ ಹಾಕಿದೆ. ಜನವರಿಯಲ್ಲಿ ಕುಂಡ ಬೋರಲು ಹಾಕಿ ನೋಡಿದರೆ ಬೇರೆಲ್ಲ ಕಪ್ಪಗೆ, ಮೆತ್ತಗೆ, ಕೊಳೆತ ವಾಸನೆ. ಗಿಡ ಚಳಿಗೆ ಸತ್ತಿರಲಿಲ್ಲ, ನೀರಿಗೆ ಸತ್ತಿತ್ತು. ಎಷ್ಟು ಬೇಜಾರಾಯಿತು ಅಂದ್ರೆ ಒಂದು ವಾರ ಆ ಕಿಟಕಿ ಕಡೆ ನೋಡಲಿಲ್ಲ. ಬೆಳಕು ಕಮ್ಮಿಯಾದಾಗ ಗಿಡ ಬೆಳೆಯೋದು ನಿಲ್ಲಿಸುತ್ತದೆ, ಅದಕ್ಕೆ ಹೆಚ್ಚು ನೀರು ಬೇಕಿಲ್ಲ. ಎರಡು ಗೆಣ್ಣು ಬೆರಳು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಗೊಬ್ಬರ, ಹುಳಿಮಜ್ಜಿಗೆ ಏನೂ ಏಪ್ರಿಲ್‌ವರೆಗೆ ಬೇಡ. ಎಲೆ ಪೂರ್ತಿ ಉದುರಿ ಬರೀ ಕಡ್ಡಿ ಉಳಿದರೂ ದಯವಿಟ್ಟು ಎಸೆಯಬೇಡಿ. ಉಗುರಿನಿಂದ ತೊಗಟೆ ಚೂರು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಗಡ್ಡೆಗಳು ಇನ್ನೂ ಸುಲಭ. ಅರಿಶಿನ, ಶುಂಠಿ ಕುಂಡದಲ್ಲಿದ್ದರೆ ಎಲೆ ಹಣ್ಣಾದಾಗ ನೀರು ನಿಲ್ಲಿಸಿ, ಕುಂಡದ ಸಮೇತ ಬೇಸ್‌ಮೆಂಟಿಗೆ ಇಳಿಸಿಬಿಡಿ. ಕೆಸು ನೆಲದಲ್ಲಿದ್ದರೆ ಅಗೆದು, ನೆರಳಲ್ಲಿ ನಾಲ್ಕು ದಿನ ಆರಿಸಿ, ಒಣ ಪೀಟ್ ಮಾಸ್ (ಕುಂಡದ ಮಣ್ಣಿಗೆ ಬೆರೆಸುವ ಒಣಗಿದ ಪಾಚಿ) ತುಂಬಿದ ಪೇಪರ್ ಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸ್ಟು ಬರುತ್ತದೆ. ಫ್ರಿಜ್ಜೂ ಬೇಡ. ಮಲೆನಾಡಿನವರಾದರೆ ಡೇರೆ ಹೂವಿನ ಆಸೆ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಮಾತ್ರ ಮೊದಲ ಫ್ರಾಸ್ಟ್‌ಗೆ ಎಲೆ ಕಪ್ಪಾದ ಮೇಲೇ ಅಗೆಯಿರಿ. ಗಡ್ಡೆಯ ಕುತ್ತಿಗೆ ಮುರಿಯದ ಹಾಗೆ ಎತ್ತಬೇಕು, ಮುಂದಿನ ಮೊಳಕೆ ಬರೋದು ಅಲ್ಲಿಂದಲೇ. ಅದಕ್ಕೆ 40ರಿಂದ 50 ಡಿಗ್ರಿ ಫ್ಯಾರನ್‌ಹೀಟ್ ತಂಪು ಸಾಕು. ಹೀಟರ್ ಇಲ್ಲದ ಗ್ಯಾರೇಜಿನಲ್ಲಿ ಮಾತ್ರ ಏನನ್ನೂ ಇಡಬೇಡಿ, ಅಲ್ಲಿ ಎಲ್ಲ ಹೆಪ್ಪುಗಟ್ಟುತ್ತದೆ.

ತಿಂಗಳಿಗೊಮ್ಮೆ ಚೀಲ ಬಿಚ್ಚಿ ಗಡ್ಡೆ ಅದುಮಿ ನೋಡಿ, ಮೆತ್ತಗಾದದ್ದನ್ನು ತೆಗೆದುಬಿಡಿ. ಮೇ ಕೊನೆಗೆ ಎಲ್ಲ ಹೊರಗೆ ಇಡಬಹುದು, ಆದರೆ ಕರಿಬೇವನ್ನು ಮೊದಲ ಒಂದು ವಾರ ನೆರಳಲ್ಲಿಡಿ. ಏಕ್‌ದಂ ಬಿಸಿಲಿಗಿಟ್ಟರೆ ಹೊಸ ಚಿಗುರೆಲ್ಲ ಸುಟ್ಟುಹೋಗುತ್ತದೆ.