ಬಾರಾ ಕಮಾನಿನಲ್ಲಿ ಚೌಕಟ್ಟಿನ ಪಾಠ

ವಿಜಯಪುರದಲ್ಲಿದ್ದು ಫೋಟೊಗ್ರಫಿ ಕಲಿಯುತ್ತಿದ್ದೀರಾ? ಗೋಳಗುಮ್ಮಟ ಆಮೇಲೆ ನೋಡಿ, ಮೊದಲು ಬಾರಾ ಕಮಾನಿಗೆ ಹೋಗಿ. ಎರಡನೇ ಅಲಿ ಆದಿಲ್ ಷಾ ತನಗಾಗಿ ಕಟ್ಟಿಸಲು ತೊಡಗಿದ ಈ ಸಮಾಧಿ ಅರ್ಧಕ್ಕೇ ನಿಂತಿತು. ಮೇಲೆ ಗುಮ್ಮಟವಿಲ್ಲ, ಚಾವಣಿಯಿಲ್ಲ. ಕಪ್ಪು ಕಲ್ಲಿನ ಕಮಾನುಗಳ ಹಿಂದೆ ಮತ್ತೆ ಕಮಾನು, ಸಂದುಗಳಲ್ಲಿ ಆಕಾಶ. ಒಂದು ಹೆಜ್ಜೆ ಸರಿದರೆ ಎಲ್ಲವೂ ಜಾಗ ಬದಲಿಸುತ್ತದೆ. ಎಲ್ಲಿ ನಿಲ್ಲಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಊರಲ್ಲಿಲ್ಲ.

ಫೋನು ಜೇಬಿನಲ್ಲೇ ಇರಲಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ 8 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಕಿಂಡಿ ಕತ್ತರಿಸಿಕೊಳ್ಳಿ. ಬಹುತೇಕ ಫೋನುಗಳ ಫೋಟೊ ಇದೇ 4:3 ಅಳತೆಯದು. ಒಂದು ಕಣ್ಣು ಮುಚ್ಚಿ, ಕಿಂಡಿಯನ್ನು ಇನ್ನೊಂದು ಕಣ್ಣಿನಿಂದ 6 ಸೆಂ.ಮೀ. ದೂರ ಹಿಡಿದರೆ ಫೋನಿನ ಮುಖ್ಯ ಲೆನ್ಸ್ ಕಾಣುವಷ್ಟೇ ಹೆಚ್ಚುಕಡಿಮೆ ಕಾಣುತ್ತದೆ. 12 ಸೆಂ.ಮೀ. ದೂರಕ್ಕೆ ಒಯ್ದರೆ ಎರಡು ಪಟ್ಟು ಜೂಮ್ ಮಾಡಿದಂತೆ.

ಈಗ ನಡೆಯಿರಿ. ಮುಂದಿನ ಕಮಾನಿನ ಕಂಬ ಹಿಂದಿನ ಕಮಾನಿನ ತುದಿಯನ್ನು ಕತ್ತರಿಸುತ್ತಿದೆಯೇ? ಫೋಟೊದಲ್ಲಿ ಆಳ ಇರುವುದಿಲ್ಲ. ಕಪ್ಪಿಗೆ ಕಪ್ಪು ಅಂಟಿಕೊಂಡು ಎರಡೂ ಒಂದೇ ಮುದ್ದೆಯಾಗುತ್ತವೆ. ಎರಡರ ನಡುವೆ ಆಕಾಶದ ಸಣ್ಣ ಗೆರೆಯಾದರೂ ಕಾಣುವವರೆಗೆ ಎಡಕ್ಕೆ, ಬಲಕ್ಕೆ ಸರಿಯಿರಿ. ಕೆಲವೊಮ್ಮೆ ಅರ್ಧ ಹೆಜ್ಜೆಯೇ ಸಾಕು. ಇಡೀ ಪಾಠದಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಇದೇ. ಹಿಂದಿನ ಕಮಾನು ಮುಂದಿನದರೊಳಗೆ ಪೂರ್ತಿ ಕೂರುವ ಜಾಗ ಸಿಕ್ಕಾಗ ಆಗುವ ಸಂತೋಷವೇ ಬೇರೆ.

ಜಾಗ ಗೊತ್ತಾದ ಮೇಲೆ ಫೋನು ತೆಗೆಯಿರಿ, ಕ್ಯಾಮೆರಾ ಸೆಟ್ಟಿಂಗಿನಲ್ಲಿ ಗ್ರಿಡ್ ಹಾಕಿಕೊಳ್ಳಿ. ಗೆರೆಗಳು ಚೌಕಟ್ಟನ್ನು ಮೂರು ಮೂರು ಭಾಗ ಮಾಡುತ್ತವೆ. ಮುಖ್ಯವಾದುದನ್ನು ನಡುವಿಗೆ ಇಡದೆ ಈ ಗೆರೆಗಳ ಮೇಲೆ ಇಡಿ ಎನ್ನುವುದೇ ಮೂರನೇ ಒಂದರ ನಿಯಮ. ಅದಕ್ಕೆ ಹೆಸರಿಟ್ಟವನು ಚಿತ್ರಕಾರ ಜಾನ್ ಥಾಮಸ್ ಸ್ಮಿತ್, 1797ರಲ್ಲಿ, ಫೋಟೊಗ್ರಫಿ ಹುಟ್ಟುವ ಮೊದಲೇ. ನೆಲ, ಬಾನು, ಬೆಳಕು, ನೆರಳನ್ನು ಹಂಚಲು ಅವನಿಗೆ ಅದು ಬೇಕಿತ್ತು. ಕಮಾನು ಎದುರಾಬದುರು ಸರಿಸಮನಾಗಿ ಕೂತಾಗ ನಿಯಮವನ್ನು ಬಿಡಿ, ನಡುವಿಗೇ ಇಡಿ. ಬದಿಯಿಂದ ಸಾಲಾಗಿ ಕಾಣುವಾಗ ಮಾತ್ರ ಅದನ್ನು ನೆನೆಯಿರಿ.

ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಕಂಬಗಳು ಹಿಂದಕ್ಕೆ ವಾಲುತ್ತವೆ. ನೆಟ್ಟಗೆ ಹಿಡಿದು ಹಿಂದೆ ಸರಿಯಿರಿ; ಕೆಳಗೆ ಹೆಚ್ಚಾದ ನೆಲವನ್ನು ಆಮೇಲೆ ಕತ್ತರಿಸಬಹುದು. ತೆರೆಯ ಮೇಲೆ ಆಕಾಶವನ್ನು ಒತ್ತಿ ಹಿಡಿದು ಬೆಳಕು ಲಾಕ್ ಮಾಡಿದರೆ ಕಲ್ಲು ಕಡುಕಪ್ಪು ಆಕಾರವಾಗುತ್ತದೆ. ಕಲ್ಲಿನ ಮೈ ಬೇಕಿದ್ದರೆ ಬೆಳಿಗ್ಗೆ ಇಲ್ಲವೇ ಸಂಜೆ, ಬಿಸಿಲು ಅಡ್ಡ ಬೀಳುವಾಗ ಬನ್ನಿ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಒತ್ತುವ ಮುನ್ನ ಕಣ್ಣನ್ನು ನಾಲ್ಕೂ ಅಂಚುಗಳಲ್ಲಿ ಒಮ್ಮೆ ಓಡಿಸಿ: ಯಾರದೋ ಅರ್ಧ ಭುಜ, ಒಂದು ತುಂಡು ಟೊಂಗೆ, ನೀರಿನ ಬಾಟಲಿ ಅಲ್ಲೇ ಸಿಗುತ್ತವೆ. ಎತ್ತರ ತಿಳಿಯಲೆಂದು ಕಮಾನಿನಡಿ ಒಬ್ಬರನ್ನು ನಿಲ್ಲಿಸುವುದಾದರೆ ಕೇಳಿಯೇ ನಿಲ್ಲಿಸಿ, ಅವರ ತಲೆಯ ಹಿಂದೆ ಆಕಾಶವಿರಲಿ.

ಮನೆಗೆ ಬಂದು ಆರಿಸುವಾಗ ಪ್ರತಿ ಚಿತ್ರವನ್ನೂ ತಲೆಕೆಳಗು ಮಾಡಿ ನೋಡಿ. ಕಮಾನು ಎಂಬ ಗುರುತು ಮರೆತು ಬರೀ ಕಪ್ಪು ಬಿಳುಪಿನ ತೂಕ ಕಾಣುತ್ತದೆ. ಒಂದು ಮೂಲೆ ವಿನಾಕಾರಣ ಭಾರವಾಗಿದ್ದರೆ ಆ ಚಿತ್ರ ಬಿಡಿ.