ಸೂಕ್ಷ್ಮಜೀವಿಶಾಸ್ತ್ರ ಓದಿ ನಾನು ಕಂಡುಕೊಂಡ ಕೆಲಸಗಳು

ಶಿರಸಿ ಸೀಮೆಯಲ್ಲಿ ಬೆಳೆದವರಿಗೆ ಮಂಗನ ಕಾಯಿಲೆಯನ್ನು ಪಠ್ಯಪುಸ್ತಕ ಪರಿಚಯಿಸಬೇಕಾಗಿಲ್ಲ. ಸೊಪ್ಪಿನ ಬೆಟ್ಟದಿಂದ ಅಡಿಕೆ ತೋಟಕ್ಕೆ ದರಕು (ಉದುರಿದ ಒಣ ಎಲೆ) ತರುವುದು ನಮ್ಮ ಬೇಸಾಯದ ಭಾಗ. ಕಾಡು ಒಣಗತೊಡಗಿದ ಮೇಲೆ ಅದೇ ದರಕಿನಲ್ಲಿ ಎಳೆಯ ಉಣುಗುಗಳು ಹೆಚ್ಚುತ್ತವೆ, ಅವುಗಳ ಕಡಿತದಿಂದಲೇ ವೈರಾಣು ಮನುಷ್ಯರಿಗೆ ದಾಟುತ್ತದೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಸಿದ್ದಾಪುರ, ಹೊನ್ನಾವರಗಳ ಕಡೆಯ ಮನೆಗಳನ್ನೂ ಕಾಡಿದೆ. ಪಿಯುಸಿ ಮುಗಿದಾಗ ನಾನು ಬಿ.ಎಸ್ಸಿ.ಯಲ್ಲಿ ಮೈಕ್ರೋಬಯಾಲಜಿಯನ್ನು ಆಯ್ದುಕೊಂಡದ್ದು, ಸತ್ತ ಮಂಗ ಸಿಕ್ಕಿತೆಂದರೆ ಊರೇಕೆ ಹೆದರುತ್ತದೆ ಎಂಬುದನ್ನು ಸರಿಯಾಗಿ ತಿಳಿಯಬೇಕೆಂಬ ಆಸೆಯಿಂದ.

ಪದವಿಯ ಮೂರು ವರ್ಷಗಳಲ್ಲಿ ನನಗೆ ನಿಜವಾಗಿ ದಕ್ಕಿದ್ದು ಕೈಕೆಲಸ. ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಮೀಡಿಯಾ ತೂಗಿ ಕಲಸುವುದು, ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಡುವುದು, ತಂತಿಯ ಲೂಪನ್ನು ಕೆಂಪಗೆ ಕಾಯಿಸಿ ತಣಿಸಿ ಪ್ಲೇಟಿನ ಮೇಲೆ ಗೆರೆ ಎಳೆದು ಒಂಟಿ ಕಾಲನಿಯನ್ನು (ಒಂದೇ ಜೀವಾಣುವಿನಿಂದ ಬೆಳೆದ ಗುಂಪನ್ನು) ಬೇರ್ಪಡಿಸುವುದು, ಬ್ಯಾಕ್ಟೀರಿಯಾಗಳನ್ನು ಎರಡು ಗುಂಪಾಗಿ ವಿಂಗಡಿಸುವ ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುವುದು: ಮುಂದೆ ಯಾವ ಕೆಲಸಕ್ಕೆ ಹೋದರೂ ಸಂದರ್ಶನದಲ್ಲಿ ಮೊದಲು ಕೇಳಿದ್ದು ಇವನ್ನೇ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ ಪ್ರಾಜೆಕ್ಟಿಗೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ನೀರನ್ನು ಆರಿಸಿಕೊಂಡೆ. ಉಪ್ಪು ಹರಳುಗಟ್ಟುವ ಹೊತ್ತಿಗೆ ನೀರಿಗೆ ಬರುವ ಕೆಂಪು ಛಾಯೆಗೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಗುಂಪಿಗೆ ಸೇರಿದ ಉಪ್ಪುಪ್ರಿಯ ಆರ್ಕಿಯಾಗಳೂ ಡ್ಯುನಾಲಿಯೆಲ್ಲಾ ಎಂಬ ಪಾಚಿಯೂ ಕಾರಣ. ಸಾಮಾನ್ಯ ಮೀಡಿಯಾದಲ್ಲಿ ಅರ್ಧ ಪ್ರತಿಶತದಷ್ಟು ಉಪ್ಪಿದ್ದರೆ, ಈ ಆರ್ಕಿಯಾಗಳಿಗೆ 20 ಪ್ರತಿಶತಕ್ಕೂ ಮಿಕ್ಕಿ ಬೇಕು, ಮೇಲಾಗಿ ಬೆಳವಣಿಗೆಯೂ ಬಹಳ ನಿಧಾನ. ಊರಿನ ಸ್ಯಾಂಪಲನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ನಾನು ಕಿರಿಯರಿಗೆ ಈಗಲೂ ಹೇಳುತ್ತೇನೆ. ಮತ್ತೆ ಬೇಕೆಂದಾಗ ಹೋಗಿ ತರಬಹುದು, ಅದರ ಸುತ್ತಲಿನ ಕೆಲಸ ಬಲ್ಲವರನ್ನು ಕೇಳಬಹುದು.

ದೇಹದ ರೋಗನಿರೋಧ ಶಕ್ತಿಯ ಶಾಸ್ತ್ರವಾದ ಇಮ್ಯುನಾಲಜಿ ಹಲವರಿಗೆ ಹೆಸರುಗಳ ಕಾಡಿನಂತೆ ಕಾಣುತ್ತದೆ. ನನಗೆ ಅದು ಬಿಡಿಸಿಕೊಂಡದ್ದು ಕಾಲದ ಲೆಕ್ಕದಿಂದ. ಮಂಗನ ಕಾಯಿಲೆಯ ಜ್ವರ ಹಿಡಿದ ಮೊದಲ ಕೆಲವು ದಿನ ರಕ್ತದಲ್ಲಿ ವೈರಾಣುವೇ ಇರುವುದರಿಂದ, ಅದರ ಆನುವಂಶಿಕ ವಸ್ತುವನ್ನು ಹುಡುಕುವ ಆರ್‌ಟಿ-ಪಿಸಿಆರ್ ಅದನ್ನು ಹಿಡಿಯುತ್ತದೆ; ಆನಂತರ ವೈರಾಣು ಇಳಿಯುತ್ತ ಸೋಂಕಿಗೆ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯ ಏರುತ್ತದೆ, ಆಗ ಪ್ರತಿಕಾಯವನ್ನು ಪತ್ತೆಹಚ್ಚುವ ಎಲೈಸಾ ಪರೀಕ್ಷೆ ಬೇಕು. ಆದ್ದರಿಂದ ಸ್ಯಾಂಪಲ್ ಜೊತೆ ಬರುವ ಚೀಟಿಯಲ್ಲಿ ಜ್ವರ ಶುರುವಾದ ದಿನಾಂಕ ಇಲ್ಲದಿದ್ದರೆ ಫಲಿತಾಂಶದ ಅರ್ಥವೇ ಅಸ್ಪಷ್ಟವಾಗುತ್ತದೆ. ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ, ಇದೇ ಕಾಯಿಲೆಯ ಹಳೆಯ ಲಸಿಕೆಗೆ ಎರಡು ಡೋಸ್ ಆದ ಮೇಲೂ ಬೂಸ್ಟರ್‌ಗಳು ಏಕೆ ಬೇಕಾದವು ಎಂಬ ಪ್ರಶ್ನೆಯನ್ನು ಹಿಡಿದು ಓದಿದರೆ, ಹಿಂದೆ ಕಂಡ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಸ್ಮೃತಿಕೋಶಗಳ ಅಧ್ಯಾಯ ತಾನಾಗಿಯೇ ಮನಸ್ಸಿಗೆ ಇಳಿಯುತ್ತದೆ.

ನನಗೆ ಮೊದಲ ಕೆಲಸ ಸಿಕ್ಕಿದ್ದು ಕರಾವಳಿಯ ಮೀನು ರಫ್ತು ಘಟಕವೊಂದರ ಲ್ಯಾಬಿನಲ್ಲಿ. ಸೀಗಡಿಯ 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಇಲ್ಲವೆಂದು ಬರೆಯಲು ಒಂದು ರಾತ್ರಿ ಪೆಪ್ಟೋನ್ ನೀರಿನಲ್ಲಿ ಬೆಳೆಸಿ, ಆಯ್ದ ಮೀಡಿಯಾಗಳಿಗೆ ದಾಟಿಸಿ, ಅನುಮಾನದ ಕಾಲನಿ ಬಂದರೆ ಜೈವಿಕ ರಾಸಾಯನಿಕ ಪರೀಕ್ಷೆ ಮಾಡಿ, ಕೊನೆಗೆ ಪ್ರತಿಕಾಯಗಳಿರುವ ಆಂಟಿಸೀರಂ ಹನಿಸಿ ಬ್ಯಾಕ್ಟೀರಿಯಾ ಗಂಟುಗಟ್ಟುತ್ತದೆಯೇ ಎಂದು ನೋಡಬೇಕು. ಇಮ್ಯುನಾಲಜಿಯ ಆ ಪಾಠ ಮೀನಿನ ಲ್ಯಾಬಿನಲ್ಲಿ ಕೈಗೆ ಬಂದಾಗ ನನಗಾದ ಸಂತೋಷ ದೊಡ್ಡದು. ಬಂಗಡೆಯ ವಿಷಯದಲ್ಲಿ ಎಚ್ಚರಿಕೆ ಇನ್ನೊಂದು ಬಗೆಯದು. ಹಿಡಿದ ಮೇಲೆ ಬೇಗ ಐಸ್ ಹಾಕದಿದ್ದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿನ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಆಮೇಲೆ ಎಷ್ಟು ಬೇಯಿಸಿದರೂ ಅದು ನಾಶವಾಗದು, ತಿಂದವರಿಗೆ ಅಲರ್ಜಿಯಂತೆಯೇ ಮೈ ಕೆಂಪಾಗಿ ತುರಿಸುತ್ತದೆ. ಇದನ್ನು ಬಂದರಿನ ಮೀನುಗಾರರಿಗೆ ಕೂತು ವಿವರಿಸುವುದನ್ನೂ ನಾನು ನನ್ನ ವೃತ್ತಿಯ ಭಾಗವೆಂದೇ ತಿಳಿದಿದ್ದೆ.

ಅಲ್ಲಿಂದ ವೈರಾಣು ಪತ್ತೆ ಪ್ರಯೋಗಾಲಯಕ್ಕೆ ಬಂದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಇಂಥ ಲ್ಯಾಬ್‌ಗಳು ದೇಶದ ಹಲವು ವೈದ್ಯಕೀಯ ಕಾಲೇಜುಗಳಲ್ಲಿವೆ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅವುಗಳಿಗೆ ಹಿರಿಯಣ್ಣನಿದ್ದಂತೆ. ಔಷಧ ಕಂಪನಿಗಳ ಗುಣಮಟ್ಟ ವಿಭಾಗ, ಹಾಲು ಒಕ್ಕೂಟ, ಕುಡಿಯುವ ನೀರಿನ ಪರೀಕ್ಷೆ, ಲಸಿಕೆ ತಯಾರಿಕೆ ಇವೆಲ್ಲವೂ ನನ್ನ ಸಹಪಾಠಿಗಳಿಗೆ ಅನ್ನ ಕೊಟ್ಟಿವೆ. ಸಮುದ್ರದತ್ತ ಒಲವಿದ್ದವರಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗವಿದೆ.

ಸಂಶೋಧನೆಗೆ ಹೋಗುವವರು ಎಂ.ಎಸ್ಸಿ. ಮೊದಲ ವರ್ಷದಲ್ಲೇ ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯ ಓದು ಹಿಡಿಯುವುದು ಮೇಲು. ಅದರ ಜೀವವಿಜ್ಞಾನ ಪತ್ರಿಕೆಯಲ್ಲಿ ರೋಗನಿರೋಧ ವ್ಯವಸ್ಥೆ ಕೋಶ ಸಂವಹನದ ಘಟಕದೊಳಗೆ ಸೇರಿರುವುದರಿಂದ ಕೋಶಗಳ ಸಂಕೇತಗಳ ಜೊತೆಗೇ ಓದಬೇಕು. ಆಸ್ಪತ್ರೆಯಲ್ಲಿ ಕೆಲಸ ಬಯಸುವವರಿಗೆ ಒಂದು ವಿಷಯ ಮೊದಲೇ ತಿಳಿದಿರಲಿ: ಎಂ.ಬಿ.ಬಿ.ಎಸ್. ಆದ ಮೇಲೆ ಮಾಡುವ ಎಂ.ಡಿ. ಮೈಕ್ರೋಬಯಾಲಜಿಯೇ ಬೇರೆ, ನಮ್ಮ ಎಂ.ಎಸ್ಸಿ.ಯೇ ಬೇರೆ. ರೋಗಿಯ ವರದಿಗೆ ಸಹಿ ಹಾಕುವ ಹೊಣೆ ಸಾಮಾನ್ಯವಾಗಿ ವೈದ್ಯರದ್ದು. ಪರೀಕ್ಷೆಯನ್ನು ನಡೆಸುವುದು, ಫಲಿತಾಂಶ ಮೊದಲೇ ತಿಳಿದಿರುವ ಕಂಟ್ರೋಲ್‌ಗಳು ಸರಿಯಾಗಿ ಬಂದಿವೆಯೇ ಎಂದು ನೋಡುವುದು, ಅನುಮಾನ ಬಂದರೆ ಫಲಿತಾಂಶವನ್ನು ತಡೆದು ಮರುಪರೀಕ್ಷೆಗೆ ಇಡುವುದು ನಮ್ಮದು. ಪ್ರವೇಶಪತ್ರ ತುಂಬುವ ಮೊದಲು ಮನೆಯವರಿಗೂ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು.