ಎರಡು ತಲೆಮಾರಿನವರು ಒಟ್ಟಿಗೆ ಕುಳಿತು ಹೆವಿ ಮೆಟಲ್ ಕೇಳುವ ಬಗೆ

ಗಿಟಾರಿನ ಅಬ್ಬರವೇ ಮುಖ್ಯವಾದ ರಾಕ್ ಸಂಗೀತ ಹೆವಿ ಮೆಟಲ್. ಅದರ ಕೇಳುಗರಲ್ಲಿ ಹಿರಿಯರೂ ಕಿರಿಯರೂ ಒಂದೆಡೆ ಸೇರಿದರೆ ಜಗಳ ಹುಟ್ಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ‘ಇದು ಮೆಟಲ್ಲೇ ಅಲ್ಲ’ ಎಂದು ಒಬ್ಬರು ಗೊಣಗಿದರೆ, ‘ಅದು ಮುದುಕರ ಸಂಗೀತ’ ಎಂದು ಇನ್ನೊಬ್ಬರು ನಗುತ್ತಾರೆ. ಈ ವಾದದಲ್ಲಿ ಗೆಲ್ಲುವ ಉಪಾಯ ನನಗೆ ಗೊತ್ತಿಲ್ಲ. ಆದರೆ ಜಗಳಕ್ಕೆ ಕಾರಣ ವಯಸ್ಸಿಗಿಂತ ಹೆಚ್ಚಾಗಿ ಕಿವಿಯ ಅಭ್ಯಾಸ ಎಂಬುದನ್ನು ಒಪ್ಪಿಕೊಂಡರೆ, ಒಂದು ಸಂಜೆಯನ್ನು ಸುಖವಾಗಿ ಕಳೆಯುವ ದಾರಿ ಇದೆ.

ಎದುರಿಗಿರುವವರು ಮೊದಲು ಕೇಳಿದ ಆಲ್ಬಮ್ ಯಾವುದು, ಅದು ಯಾವ ರೂಪದಲ್ಲಿ ಕೈಗೆ ಸಿಕ್ಕಿತು ಎಂದು ವಿಚಾರಿಸುವುದರಿಂದ ಆರಂಭಿಸಿ. 1980ರ ದಶಕದಲ್ಲಿ ಅಂಚೆಯ ಮೂಲಕ ಕ್ಯಾಸೆಟ್ ವಿನಿಮಯ ಮಾಡಿಕೊಂಡು ಹೊಸ ತಂಡಗಳನ್ನು ಪತ್ತೆಹಚ್ಚಿದವರಿಗೆ, ವಾರಗಟ್ಟಲೆ ಕಾದು ಪಡೆದ ಆಲ್ಬಮ್ಮನ್ನು ಮೊದಲ ಕೇಳ್ವಿಕೆಯಲ್ಲಿ ಹಿಡಿಸದಿದ್ದರೂ ಮತ್ತೆ ಮತ್ತೆ ಕೇಳುವ ತಾಳ್ಮೆ ತಾನಾಗಿಯೇ ಬಂದಿರುತ್ತದೆ. ಫೋನಿನಲ್ಲಿ ಎಲ್ಲವೂ ಸಿಗುವ ಕಾಲದಲ್ಲಿ ಬೆಳೆದವರಿಗೆ ಆ ತಾಳ್ಮೆ ಕಡಿಮೆಯಿರಬಹುದು. ಬದಲಿಗೆ ಹತ್ತು ಉಪಪ್ರಕಾರಗಳನ್ನು ಒಂದೇ ದಿನ ಸವಿಯುವ ಧಾರಾಳತನ ಇರುತ್ತದೆ.

ಅನಂತರ ಒಂದೇ ಒಂದು ಎಳೆಯನ್ನು ಆರಿಸಿಕೊಂಡು ದಶಕಗಳ ಉದ್ದಕ್ಕೂ ಹಿಂಬಾಲಿಸಿ. ನನ್ನ ಅನುಭವದಲ್ಲಿ ಗಿಟಾರಿನ ತಗ್ಗಿಸಿದ ಶ್ರುತಿಗಿಂತ ಉತ್ತಮವಾದ ಎಳೆ ಇನ್ನೊಂದಿಲ್ಲ. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ, ಬರ್ಮಿಂಗ್‌ಹ್ಯಾಮಿನ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡರು. ಅವರು ಎಡಚರಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಕೈ. ಬೆರಳಿಗೆ ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿ, ತೆಳುವಾದ ತಂತಿಗಳನ್ನು ಬಳಸಿ, ಬಿಗಿ ಕಡಿಮೆಯಾಗಲೆಂದು 1971ರ ಆಲ್ಬಮ್ಮಿನ ಕೆಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಇಳಿಸಿದರು. ಆ ಆಲ್ಬಮ್ಮಿನ ಬಳಿಕ ಕಾರ್ನ್ ತಂಡದ 1994ರ ಮೊದಲ ಆಲ್ಬಮ್ಮನ್ನು, ಅಂದರೆ ಏಳು ತಂತಿಯ ಗಿಟಾರನ್ನು ಇನ್ನೂ ಕೆಳಕ್ಕೆ ಇಳಿಸಿ ನುಡಿಸಿದ್ದನ್ನು ಹಾಕಿ, ಅದರ ಹಿಂದೆಯೇ ಸ್ವೀಡನ್ನಿನ ಮೆಶುಗ್ಗಾ ತಂಡ ಎಂಟು ತಂತಿಗಳಲ್ಲಿ ನುಡಿಸುವುದನ್ನು ಕೇಳಿಸಿ. ಹೊಸಬರ ಗದ್ದಲವೆಂದು ಹಿರಿಯರು ತಿಳಿದಿದ್ದ ಆ ಗುಡುಗು ತಮ್ಮ ಮೆಚ್ಚಿನ ತಂಡದ ಮನೆಯಿಂದಲೇ ಹೊರಟದ್ದೆಂಬುದು ಆಗ ಕಿವಿಗೇ ಗೊತ್ತಾಗುತ್ತದೆ.

ಹೀಗೆ ಹೋಲಿಸುವಾಗ ಧ್ವನಿಮಟ್ಟವನ್ನು ಪ್ರತಿಯೊಂದು ಹಾಡಿಗೂ ಕೈಯಿಂದಲೇ ಸರಿಹೊಂದಿಸಿಕೊಳ್ಳಬೇಕು. ಗುಂಡಿಯನ್ನು ಒಂದೇ ಕಡೆ ಇಟ್ಟರೆ, ಸದ್ದಿನ ಏರಿಳಿತಗಳನ್ನು ಒತ್ತಿ ಸಮಮಾಡಿದ ಹೊಸ ಧ್ವನಿಮುದ್ರಣ ಅಬ್ಬರಿಸುತ್ತದೆ, ಹಳೆಯದು ಸಪ್ಪೆಯೆನಿಸುತ್ತದೆ. ಇದು ಹಿರಿಯರ ಹಳಹಳಿಕೆ ಮಾತ್ರ ಅಲ್ಲ: ಮೆಟಾಲಿಕಾದ 2008ರ ಆಲ್ಬಮ್ ಬಂದಾಗ, ವಿಡಿಯೋ ಗೇಮ್ ಒಂದರಲ್ಲಿ ಸೇರಿಸಿದ್ದ ಅದೇ ಹಾಡುಗಳು ಹೆಚ್ಚು ಸ್ಪಷ್ಟವಾಗಿವೆಯೆಂದು ಅಭಿಮಾನಿಗಳೇ ದೂರಿದ್ದರು.

ಕಂಠದ ವಿಷಯದಲ್ಲಿ ಎರಡೂ ಕಡೆಯವರಿಗೆ ಬೇರೆ ಬೇರೆ ಅಭ್ಯಾಸ ಬೇಕು. ಜೂಡಸ್ ಪ್ರೀಸ್ಟ್‌ನ ಗಾಯಕ ರಾಬ್ ಹ್ಯಾಲ್ಫರ್ಡ್ ಅವರ ತಾರಸ್ಥಾಯಿಗೆ ಒಗ್ಗಿದ ಕಿವಿ, ಇನ್ನೂ ಉಗ್ರವಾದ ಉಪಪ್ರಕಾರ ಡೆತ್ ಮೆಟಲ್‌ನ ಗ್ರೌಲ್‌ನಲ್ಲಿ (ಗಂಟಲಾಳದಿಂದ ಗುರುಗುಟ್ಟುವ ಹಾಡಿಕೆಯಲ್ಲಿ) ರಾಗವನ್ನು ಹುಡುಕಿ ಸೋಲುತ್ತದೆ. ಅಲ್ಲಿ ಕಂಠವನ್ನು ಡ್ರಮ್ಮಿನ ಜೊತೆಗಾರನೆಂದು ಭಾವಿಸಿ, ಸಾಹಿತ್ಯವನ್ನು ಕಣ್ಣೆದುರು ಇಟ್ಟುಕೊಂಡು, ಉಚ್ಚಾರ ತಾಳದ ಮೇಲೆ ಎಲ್ಲಿ ಬೀಳುತ್ತದೆಂಬುದನ್ನಷ್ಟೇ ಗಮನಿಸಿ. ತಾರಸ್ಥಾಯಿ ಕೇಳಿ ನಗು ಬರುವ ಕಿರಿಯರು ಸ್ಟುಡಿಯೋ ಆವೃತ್ತಿಯನ್ನು ಬಿಟ್ಟು ವೇದಿಕೆಯ ಧ್ವನಿಮುದ್ರಣದಿಂದ ಶುರುಮಾಡುವುದು ಒಳ್ಳೆಯದು. ಆ ಎತ್ತರವನ್ನು ಸಭೆಯೆದುರು ಮುಟ್ಟುವುದರ ಕಷ್ಟ ಅಲ್ಲಿ ತಿಳಿಯುತ್ತದೆ. ಗಿಟಾರ್ ಸೋಲೋಗಾಗಿ (ಹಾಡಿನ ನಡುವೆ ಗಿಟಾರೊಂದೇ ಮುಂದೆ ಬಂದು ನುಡಿಯುವ ಭಾಗಕ್ಕಾಗಿ) ಕಾಯುವ ಚಟವಿರುವವರು 1990ರ ದಶಕದ ನ್ಯೂ ಮೆಟಲ್ (ಕಾರ್ನ್‌ನಂಥ ತಂಡಗಳ ಶೈಲಿ) ಕೇಳುವಾಗ ಆ ಚಟವನ್ನು ಬದಿಗಿಡಲಿ, ಏಕೆಂದರೆ ಆ ತಂಡಗಳಲ್ಲಿ ಹೆಚ್ಚಿನವು ಸೋಲೋವನ್ನು ಬೇಕೆಂದೇ ಕೈಬಿಟ್ಟಿದ್ದವು.

ಇಷ್ಟಾಗಿಯೂ ಒಪ್ಪಂದವಾಗದ ದಿನ ಸ್ಲೇಯರ್‌ನ 1986ರ ಆಲ್ಬಮ್ ಹಾಕಿಬಿಡಿ. ಅದು ಸುಮಾರು 29 ನಿಮಿಷಗಳಲ್ಲಿ ಮುಗಿಯುತ್ತದೆ. ನಡುವೆ ಬಾಯಿ ಹಾಕಲು ಯಾರಿಗೂ ಬಿಡುವು ಸಿಗುವುದಿಲ್ಲ.